ರೂಪಚಂದನ ಎರಡು ಸಾಲು ಹಲ್ಲು

ನಾನು ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹುಟ್ಟಿದ್ದು ಇಂಗಳೇಶ್ವರದ ಮನೆಯೊಂದರಲ್ಲಿ. ಆ ಮನೆಯಲ್ಲಿ ತತ್ತಿ ಎಂಬ ಮಾತು ಆಡಬೇಕಾದರೂ ಅಂಗಳಕ್ಕೆ ಹೋಗಿ ಆಡಬೇಕಿತ್ತು. ಹೀಗಾಗಿ ನಾನು ಬಲ್ಲ ಮೀನುಗಳೆಲ್ಲ ನಮ್ಮ ಲ್ಯಾಬಿನ ಗಾಜಿನ ಬಾಟಲಿಗಳಲ್ಲಿದ್ದವು. ಫಾರ್ಮಲಿನ್ ದ್ರಾವಣದಲ್ಲಿ ಬಣ್ಣ ಕಳೆದುಕೊಂಡು, ಎಲ್ಲವೂ ಒಂದೇ ಥರ ಬಿಳಿಚಿಕೊಂಡು, ಪರೀಕ್ಷೆಯ ದಿನ ಮಾತ್ರ ಕಪಾಟಿನಿಂದ ಇಳಿಯುತ್ತಿದ್ದವು. ಇಪ್ಪತ್ತು ವರ್ಷ ಅವುಗಳ ಕುಲಗೋತ್ರ ಹೇಳಿಕೊಟ್ಟಿದ್ದೇನೆ. ಒಂದರ ಬಾಯನ್ನೂ ತೆರೆದು ನೋಡಿರಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಕ್ಕನ ಗಂಡ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಇಂಡಿ ಪಟ್ಟಣದ ಹತ್ತಿರ ಅವರದು ನಿಂಬೆ ತೋಟ, ತೋಟದ ನಡುವೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಮಳೆಗಾಲದಲ್ಲಿ ಯಾರೋ ಮೀನುಮರಿ ಮಾರಲು ಬಂದವನು "ಲಗೂನ ಬೆಳಿತಾವು" ಎಂದನಂತೆ. ಇವರು ಹೆಸರು ಕೇಳದೆ ಹೊಂಡಕ್ಕೆ ಬಿಟ್ಟಿದ್ದರು. ಈಗ ಅವು ಊಟದ ತಟ್ಟೆಯಷ್ಟಾಗಿದ್ದವು. ಫೋಟೋದಲ್ಲಿ ಒಂದು ಅಗಲ ಮೀನು, ಬೂದು ಬೆನ್ನು, ಕುಂಕುಮ ಬಳಿದಂಥ ಹೊಟ್ಟೆ. ಯಾರದೋ ಹೆಬ್ಬೆರಳು ಅದರ ಕೆಳತುಟಿಯನ್ನು ಒತ್ತಿ ಹಿಡಿದಿತ್ತು. ಬಾಯಿ ತುಂಬ ಹಲ್ಲು. ಕೆಳಗೆ ಮಾಮಾ ಬರೆದಿದ್ದರು: "ಇದು ಯಾವ ಮೀನವ್ವಾ? ಹಲ್ಲ ನೋಡು."

ನನ್ನ ಒಂದು ಕೈ ಹಂಚಿನ ಮೇಲಿನ ರೊಟ್ಟಿಯಲ್ಲಿತ್ತು, ಕಣ್ಣು ಗಡಿಯಾರದ ಮೇಲಿತ್ತು. ಕೆಂಪು ಹೊಟ್ಟೆ, ಹಲ್ಲು, ಅಗಲ ಮೈ ಕಂಡಿತು. ಪುಸ್ತಕದ ಒಂದು ಚಿತ್ರ ಕಣ್ಣಮುಂದೆ ಬಂತು. ಇನ್ನೊಂದು ಕೈಯಲ್ಲಿ ಒತ್ತಿದೆ: "ಪಿರಾನ್ಯಾ ಇದ್ದಂಗ ಕಾಣ್ತೈತಿ ಮಾಮಾ. ಹೊಂಡಕ್ಕ ಯಾರೂ ಇಳೀಬ್ಯಾಡ್ರಿ." ರೊಟ್ಟಿ ತಿರುವಿ ಹಾಕಿದೆ. ವಿಷಯ ಅಲ್ಲಿಗೆ ಮರೆತೇ ಹೋಯಿತು.

ನಾನು ಮರೆತೆ, ಊರು ಮರೆಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಸ್ಟಾಫ್ ರೂಮಿನಲ್ಲಿ ರಸಾಯನಶಾಸ್ತ್ರ ಕಲಿಸುವವರು ತಮ್ಮ ಮೊಬೈಲ್ ನನ್ನ ಮುಂದೆ ಹಿಡಿದರು. ಅದೇ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ, ಮನುಷ್ಯರನ್ನು ತಿನ್ನುವ ಪಿರಾನ್ಯಾ ನಮ್ಮ ಜಿಲ್ಲೆಗೆ ಬಂದಿದೆ, ಬಾಗೇವಾಡಿ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಖಚಿತಪಡಿಸಿದ್ದಾರೆ ಎಂದಿತ್ತು. ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋಗಿ ಅದು ಬಾಗೇವಾಡಿಗೆ ತಿರುಗಿ ಬರುವಷ್ಟರಲ್ಲಿ, ನಾನು ಬರೆದ "ಇದ್ದಂಗ" ಎನ್ನುವುದು ಎಲ್ಲೋ ಉದುರಿಹೋಗಿತ್ತು.

"ನೀವ ಏನ್ರಿ ಇದು ಹೇಳಿದ್ದು?" ಎಂದು ಅವರು ಕೇಳಿದರು.

"ಹೌದ್ರಿ, ನಾನ," ಎಂದೆ. ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೆ ಸ್ವಲ್ಪ ಹೆಮ್ಮೆಯೇ ಆಯಿತು. ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ್ದನ್ನು ಇಷ್ಟು ಜನ ಬರೆದುಕೊಂಡದ್ದು ಇದೇ ಮೊದಲು.

ಆ ಹೆಮ್ಮೆ ಮೂರು ವಾರ ಬಾಳಿತು. ಮೂರನೆಯ ವಾರದ ಸಂತೆಯ ದಿನ ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಅರವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿದ ಅಲ್ಯೂಮಿನಿಯಂ ಬುಟ್ಟಿ. ಹಿಂದೆ ನಮ್ಮ ಪ್ಯೂನ್, "ತಡದೇನ್ರಿ, ಕೇಳಲಿಲ್ಲ," ಎನ್ನುತ್ತ ನಿಂತಿದ್ದ. ಬಾಗೇವಾಡಿ ಸಂತೆಯ ಮೂಲೆಯಲ್ಲಿ ಕೂತು ಮೀನು ಮಾರುವವರು ಇವರೇ. ನಾನು ಯಾವತ್ತೂ ಸೆರಗು ಮೂಗಿಗೆ ಹಿಡಿದು ದಾಟಿಹೋಗುತ್ತಿದ್ದ ಮೂಲೆ ಅದು. ಊರಿನವರು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ.

"ಪಿರಾನ್ಯಾ ಮೇಡಂ ನೀವ ಏನ್ರಿ?"

"ಹೌದ್ರಿ. ಕೂಡ್ರಿ."

ಅವರು ಕೂಡಲಿಲ್ಲ. ಬುಟ್ಟಿಯಿಂದ ಒಂದು ಮೀನು ತೆಗೆದು ನನ್ನ ಟೇಬಲ್ಲಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ ಇಟ್ಟರು. ಬೂದು ಬೆನ್ನು, ಕೆಂಪು ಹೊಟ್ಟೆ.

"ಇದು ಯಾವುದು ಹೇಳ್ರಿ."

"ಅದ... ಅದರಿ."

"ಅದ ಅಂದ್ರ? ಇದರ ಹೆಸರು ರೂಪಚಂದ. ನಾ ಬಾಗೇವಾಡ್ಯಾಗ, ಮುದ್ದೇಬಿಹಾಳದಾಗ ಎಷ್ಟೋ ವರ್ಷದಿಂದ ಮಾರಾಕತ್ತೇನಿ. ಮೂರು ಸಂತಿ ಆತು, ಒಬ್ರೂ ಮುಟ್ಟವಲ್ಲರು. ಕಾಲೇಜಿನ ಮೇಡಂ ಹೇಳ್ಯಾರ, ಮನಷ್ಯಾರ್ನ ತಿನ್ನು ಮೀನಂತ ಅಂತಾರ. ತಿಂದಿದ್ದು ನೀವು ನೋಡೀರೇನು?"

"ಇಲ್ಲರಿ. ಫೋಟೋದಾಗ ಹಲ್ಲು ಕಂಡ್ವು..."

"ಹಲ್ಲು ನನಗೂ ಅದಾವು," ಎಂದರು ಖಾಲಾ. ಆಮೇಲೆ ಮೀನಿನ ಬಾಯಿಗೆ ತೋರುಬೆರಳು ಹಾಕಿ ಅಗಲಿಸಿದರು. "ಇಲ್ಲಿ ನೋಡ್ರಿ. ಇದು ಹರಿಯೂ ಹಲ್ಲೋ, ಅಗಿಯೂ ಹಲ್ಲೋ?"

ನಾನು ಲೆನ್ಸ್ ತೆಗೆದುಕೊಂಡು ಬಗ್ಗಿದೆ. ವಾಸನೆ ಬಂತು, ಮೂಗು ಬಿಗಿಹಿಡಿದೆ. ಒಳಗೆ ಕಂಡದ್ದು ನೋಡಿ ವಾಸನೆ ಮರೆತೆ. ಮೇಲ್ದವಡೆಯಲ್ಲಿ ಹಲ್ಲು ಎರಡು ಸಾಲಾಗಿದ್ದವು, ಹೊರಗೊಂದು ಸಾಲು, ಅದರ ಹಿಂದೆ ಒಳಗೊಂದು. ಚೌಕ ಚೌಕವಾಗಿ, ಗಟ್ಟಿಯಾಗಿ, ನಮ್ಮ ದವಡೆ ಹಲ್ಲಿನ ಹಾಗೆಯೇ ಇದ್ದವು. ಪಿರಾನ್ಯಾಕ್ಕೆ ಮೇಲೆ ಒಂದೇ ಸಾಲು. ಅದರ ಹಲ್ಲು ಗರಗಸದ ಹಾಗೆ ಮುಕ್ಕೋಣ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಇದರ ಕೆಳದವಡೆ ಒಳಗೇ ಇತ್ತು. ಬೆನ್ನಿನ ರೆಕ್ಕೆಯ ಮುಂದೆ ಬೆರಳಾಡಿಸಿದೆ. ಪಿರಾನ್ಯಾ ಆಗಿದ್ದರೆ ಅಲ್ಲಿ ಚರ್ಮದ ಕೆಳಗಿನಿಂದ ಒಂದು ಸಣ್ಣ ಮುಳ್ಳು ಸಿಗಬೇಕು. ಸಿಗಲಿಲ್ಲ. ಇವೆಲ್ಲ ನನಗೆ ಗೊತ್ತಿಲ್ಲದ ಸಂಗತಿಗಳಲ್ಲ. ಪಾಠದ ಟಿಪ್ಪಣಿಯಲ್ಲಿ ನಾನೇ ಬರೆಸುತ್ತಿದ್ದೆ. ಆದರೆ ಆ ಬೆಳಿಗ್ಗೆ ಟಿಪ್ಪಣಿಗೂ ರೊಟ್ಟಿಗೂ ನಡುವೆ ರೊಟ್ಟಿ ಗೆದ್ದಿತ್ತು.

"ತಪ್ಪಾತ್ರಿ ಖಾಲಾ," ಎಂದೆ. "ಇದು ಪಿರಾನ್ಯಾ ಅಲ್ಲ. ಪಾಕು. ದಕ್ಷಿಣ ಅಮೆರಿಕದ ನದ್ಯಾಗಿಂದು. ಅಲ್ಲಿ ದಂಡಿ ಮ್ಯಾಲಿನ ಗಿಡದಿಂದ ನೀರಿಗೆ ಬಿದ್ದ ಹಣ್ಣು, ಬೀಜ ತಿಂದು ಬದುಕತೈತಿ. ಅದಕ್ಕ ಈ ಹಲ್ಲು."

ಖಾಲಾ ಈಗ ಕೂತರು. ಮುಖ ಹಗುರಾಯಿತು. "ಅಂದ್ರ ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ?"

ಇಲ್ಲಿ ನಾನು ಸಿಕ್ಕಿಬಿದ್ದೆ. ಏನೂ ಸಂಬಂಧ ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಂಬಂಧ ಇದೆ. ನಾನು ಓದುವ ಕಾಲಕ್ಕೆ ಪಾಕು, ಪಿರಾನ್ಯಾ ಎಲ್ಲವನ್ನೂ ಒಂದು ದೊಡ್ಡ ಕುಟುಂಬದೊಳಗೆ ಉಪಕುಟುಂಬ ಮಾಡಿ ತುರುಕಿದ್ದರು. ನಮ್ಮ ಲ್ಯಾಬಿನ ಗೋಡೆಯ ಪಟದಲ್ಲಿ ಇನ್ನೂ ಹಾಗೆಯೇ ಇದೆ. ಆಮೇಲೆ ಎಲುಬು, ಹಲ್ಲು, ಜೀವಕೋಶದ ಒಳಗಿನ ಡಿಎನ್ಎ ಬರಹ ಎಲ್ಲ ನೋಡಿ, ಇವರದೇ ಬೇರೆ ಮನೆತನ ಎಂದು ತೀರ್ಮಾನಿಸಿದರು. ಸೆರಾಸಾಲ್ಮಿಡೇ ಎಂದು ಅದರ ಹೆಸರು. ಆ ಒಂದು ಮನೆತನದಲ್ಲಿ ಮೂರು ಕವಲು. ನಮ್ಮ ರೂಪಚಂದ ಇರುವ ದೊಡ್ಡ ಪಾಕುಗಳದು ಒಂದು, ಗಿಡದೆಲೆ ಹೂವು ತಿನ್ನುವ ಸಣ್ಣ ಪಾಕುಗಳದು ಇನ್ನೊಂದು, ಪಿರಾನ್ಯಾಗಳದು ಮೂರನೆಯದು. ಆ ಮೂರನೆಯದರೊಳಗೂ ಸೊಪ್ಪು ತಿನ್ನುವ ಸಾಧು ಮೀನು ಕೆಲವು ಇವೆ.

ಇದನ್ನು ಖಾಲಾರಿಗೆ ಹೇಗೆ ಹೇಳುವುದು? ನಮ್ಮ ಕಡೆಯ ಮಾತಿನಲ್ಲೇ ಹೇಳಿದೆ. "ಒಂದ ಮನಿತನದವರು, ಖಾಲಾ. ಮೂರು ಪಾಲಾತು. ರೂಪಚಂದನ ಹಿರ್ಯಾರು ಎಲ್ಲಾರಕಿಂತ ಮೊದಲ ಬ್ಯಾರೆ ಒಲಿ ಹೂಡಿದವರು. ಪಿರಾನ್ಯಾ ಆಮ್ಯಾಲ ಬ್ಯಾರೆ ಆತು."

ಖಾಲಾ ಬುಟ್ಟಿಯ ಮೇಲಿನ ಗೋಣಿಚೀಲ ಸರಿಮಾಡುತ್ತ ಯೋಚಿಸಿದರು. "ದಾಯಾದಿ ಅನ್ರಿ. ಆತು. ಆದ್ರ ಇದನ್ನ ಸಂತ್ಯಾಗ ಹೇಳಬ್ಯಾಡ್ರಿ."

"ಮತ್ತ ಏನ ಹೇಳ್ಲಿ?"

"ನಿಮಗ ತಿಳದಂಗ ಹೇಳ್ರಿ. ಆದ್ರ ಬಾಯಿಲೆ ಹೇಳ್ರಿ, ಮೊಬೈಲ್‌ನ್ಯಾಗ ಬ್ಯಾಡ. ಮಾತು ಎಲ್ಲಿ ಹುಟ್ಟೇತೊ ಅಲ್ಲೇ ಹೋಗಿ ಹೇಳ್ರಿ. ನಾನೂ ಬರ್ತೇನಿ."

ರವಿವಾರ ಬೆಳಿಗ್ಗೆ ನಾವಿಬ್ಬರೂ ಸಿಂದಗಿ ಬಸ್ ಹತ್ತಿದೆವು. ಖಾಲಾ ಅಂದು ಮೀನು ತಂದಿರಲಿಲ್ಲ, ಬುಟ್ಟಿ ಮಾತ್ರ ತಂದಿದ್ದರು. ಬುಟ್ಟಿಯ ವಾಸನೆಗೆ ನಮ್ಮ ಮುಂದಿನ ಸೀಟು ದಾರಿಯುದ್ದಕ್ಕೂ ಖಾಲಿ ಉಳಿಯಿತು. ನಾವು ಕಾಲು ಚಾಚಿಕೊಂಡು ಕೂತೆವು. ತಮ್ಮದು ಕೊಲ್ಹಾರ, ಹಳೇ ಊರು ಹಿನ್ನೀರಿನಲ್ಲಿ ಮುಳುಗುವವರೆಗೆ ತಮಗೂ ಹೊಲ ಇತ್ತು ಎಂದು ಅವರು ಹೇಳಿದರು. "ಹೊಲ ನೀರಾಗ ಹೋತು. ನಾವೂ ನೀರಿಗೇ ಹೋದ್ವಿ. ಮೊದಲು ಜ್ವಾಳದ ತಳಿ ಹೇಳತಿದ್ದೆ, ಈಗ ಮೀನಿನ ತಳಿ ಹೇಳ್ತೇನಿ." ಅವರ ವರ್ಗೀಕರಣ ನನ್ನದಕ್ಕಿಂತ ಚುರುಕು. ಹುರುಪೆ ಇರುವವು, ಇಲ್ಲದವು. ಮುಳ್ಳು ಬೆನ್ನಿಗಿರುವವು, ಮೈಯೆಲ್ಲ ಇರುವವು. ಕೊಯ್ದರೆ ಕೈಗೆ ಕೊಬ್ಬು ಹತ್ತುವವು, ಹತ್ತದವು. ರೂಪಚಂದ ನದಿಯದಲ್ಲ, ಹೊಂಡದ್ದು ಎಂದೂ ಅವರಿಗೆ ಗೊತ್ತಿತ್ತು. "ಮಳಿಗಾಲದಾಗ ಹೊಂಡ ಒಡದು ಒಂದೊಂದು ನಮ್ಮ ಬಲಿಗೂ ಬರ್ತಾವು. ಅದು ಛಲೋ ಅಲ್ಲ. ನಮ್ಮ ಮೀನಾ ತಿನ್ನೂದನ್ನ ಇವು ತಿಂತಾವು." ನಾನು ಒಂದು ಪೂರ್ತಿ ತಾಸು ಪಾಠ ಮಾಡಿ ಹೇಳುವುದು ಅಷ್ಟೇ.

ಸಿಂದಗಿಯಲ್ಲಿ ಬಸ್ ಬದಲಿಸಿ ಇಂಡಿಯ ಬಸ್ಸಿನಲ್ಲಿ ಕೂತಾಗ, ಮೋರಟಗಿಯ ಒಬ್ಬ ಗೃಹಸ್ಥರು ನಮ್ಮ ಪಕ್ಕಕ್ಕೆ ಬಂದರು. ಬುಟ್ಟಿ ನೋಡಿ ಅವರಾಗಿಯೇ ಮಾತು ತೆಗೆದರು.

"ಮೀನಾ ಮಾರಾಕ ಹೊಂಟೀರೇನು? ಇಂಡಿ ಕಡೆ ಹುಷಾರ್ರಿ. ಒಂದು ಹೊಂಡದಾಗ ಪಿರಾನ್ಯಾ ಅದಾವಂತ. ನೀರು ಕುಡ್ಯಾಕ ಹೋದ ಎಮ್ಮಿ ಕಾಲು ಎಲುಬಿನ ತನಕ ತಿಂದಾವಂತ."

"ಯಾರು ಹೇಳಿದ್ರು?" ಖಾಲಾ ಕೇಳಿದರು.

"ಬಾಗೇವಾಡಿಯೊಳಗ ಒಬ್ಬಾಕಿ ಮೇಡಂ ಅದಾಳಂತ್ರಿ. ಭಾಳ ಶಾಣ್ಯಾಕಿ ಅಂತ. ಫಾರಿನ್‌ನ್ಯಾಗ ಓದಿ ಬಂದಾಕಿ."

ಖಾಲಾ ನನ್ನ ಕಡೆ ನೋಡಲಿಲ್ಲ, ಆದರೆ ಅವರ ಭುಜ ಕುಲುಕುತ್ತಿತ್ತು. ನಾನು ಧಾರವಾಡದಾಚೆಗೆ ಓದಿದವಳಲ್ಲ. "ಆ ಮೇಡಂ ನಾನರಿ," ಎಂದೆ. "ಎಮ್ಮಿ ವಿಷಯ ನಾ ಹೇಳಿಲ್ಲ. ಹೇಳಿದ್ದೂ ತಪ್ಪ ಹೇಳೇನಿ."

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಫಾರಿನ್ ಮೇಡಂ ಮೀನಿನ ಬುಟ್ಟಿಯ ಪಕ್ಕದಲ್ಲಿ ಕೂತಿರುತ್ತಾಳೆ ಎಂದು ಅವರಿಗೆ ನಂಬಿಕೆ ಬರಲಿಲ್ಲ. "ಇರ್ಲಿ ಬಿಡ್ರಿ," ಎಂದು ಕಿಟಕಿಯತ್ತ ತಿರುಗಿ ಕೂತರು.

ತೋಟಕ್ಕೆ ಹೋದರೆ ಸ್ಥಿತಿ ನಾನೆಣಿಸಿದ್ದಕ್ಕಿಂತ ಕೆಟ್ಟಿತ್ತು. ಹೊಂಡದ ಸುತ್ತ ಮುಳ್ಳುಕಂಟಿ ಹಚ್ಚಿದ್ದರು. ಪಂಪಿನ ಪೈಪಿನ ತುದಿಗೆ ಕಸ ಸಿಕ್ಕು ಹತ್ತು ದಿನವಾಗಿತ್ತು, ಇಳಿದು ತೆಗೆಯಲು ಯಾರೂ ಒಪ್ಪಿರಲಿಲ್ಲ. ನಿಂಬೆ ಗಿಡಗಳಿಗೆ ಟ್ಯಾಂಕರ್ ನೀರು ಹಾಕುತ್ತಿದ್ದರು. ಅಕ್ಕ ನನ್ನನ್ನು ನೋಡಿದವಳೇ, "ಬಾರವ್ವ ಶಾಣ್ಯಾಕಿ," ಎಂದಳು. ಅದಕ್ಕಿಂತ ಹೆಚ್ಚು ಬೈಯುವ ಅಗತ್ಯ ಅವಳಿಗೆ ಕಾಣಲಿಲ್ಲ.

ನಾನು ಬಂದ ಸುದ್ದಿ ತಿಳಿದು ಸುತ್ತಲಿನ ತೋಟದವರು ಹದಿನೈದು ಇಪ್ಪತ್ತು ಮಂದಿ ಸೇರಿದರು. ಹೊಂಡದ ಒಂದು ದಂಡೆಗೆ ಬಾರಿಗಿಡವೊಂದು, ಅಂದರೆ ಎಲಚಿ, ನೀರಿನ ಮೇಲೆ ವಾಲಿಕೊಂಡಿತ್ತು, ತುಂಬ ಹಣ್ಣು. ಒಂದು ಹಣ್ಣು ಉದುರಿ ನೀರಿಗೆ ಬಿತ್ತು. ಕೂಡಲೇ ಕೆಳಗಿನಿಂದ ಅಗಲವಾದ ನೆರಳು ಎದ್ದು ಅದನ್ನು ನುಂಗಿತು. ಆಮೇಲೆ ನೀರಿನೊಳಗಿಂದ ಸಪ್ಪಳ ಬಂತು, ಕಟಕ್ ಕಟಕ್.

"ಅದ ನೋಡ್ರಿ, ಎಲುಬು ಕಡ್ಯೂ ಸಪ್ಪಳ," ಎಂದರು ಮಾಮಾ.

"ಮಾಮಾ, ಅದು ಬಾರಿಹಣ್ಣಿನ ಬೀಜ ಒಡ್ಯಾಕತ್ತೈತಿ," ಎಂದೆ.

ಖಾಲಾ ಕೊಂಬೆ ಜಗ್ಗಿ ಅಲ್ಲಾಡಿಸಿದರು. ಹಣ್ಣುಗಳು ಪಟಪಟ ಬಿದ್ದವು. ಹೊಂಡವೆಲ್ಲ ಎದ್ದು ಬಂದಂತಾಯಿತು. ಕೆಂಪು ಹೊಟ್ಟೆಗಳು ಮಗುಚಿ ಮಿಂಚಿದವು, ಕಟಕ್ ಕಟಕ್ ಸಪ್ಪಳ ಹತ್ತು ಕಡೆಯಿಂದ ಬಂತು. ನಾನು ಅಲ್ಲೇ ನಿಂತು ಎಲ್ಲ ಹೇಳಿದೆ. ಎರಡು ಸಾಲು ಹಲ್ಲು, ಒಂದು ಸಾಲು ಹಲ್ಲು, ಮೂರು ಪಾಲಾದ ಮನೆತನ. ಖಾಲಾ ಬೇಡವೆಂದಿದ್ದರೂ ದಾಯಾದಿ ವಿಷಯವನ್ನೂ ಮುಚ್ಚಿಡಲಿಲ್ಲ. ಕೈಕಟ್ಟಿ ಕೇಳುತ್ತಿದ್ದ ಒಬ್ಬ ರೈತರು, "ಒಂದ ಬಳಗ ಅಂದ್ರ, ಮುಂದ ಇವೂ ಕಲೀತಾವೇನ್ರಿ?" ಎಂದು ಕೇಳಿದರು.

"ಹಲ್ಲು ಕಲ್ತು ಬರೂದಿಲ್ಲರಿ. ಹುಟ್ಟಿ ಬರ್ತಾವು."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮಾತು ಚೆನ್ನಾಗಿ ಹೋಗುತ್ತಿದೆ ಎನ್ನುವ ಹುರುಪಿನಲ್ಲಿ ನಾನು ದಂಡೆಗೆ ಕುಕ್ಕುರುಗಾಲಲ್ಲಿ ಕೂತು, ಬೆರಳ ತುದಿಯಲ್ಲಿ ಒಂದು ಬಾರಿಹಣ್ಣು ಹಿಡಿದು ನೀರಿಗೆ ಇಳಿಬಿಟ್ಟೆ. "ನೋಡ್ರಿ, ಕೈಯಾಗಿಂದ ಎಷ್ಟು ಸಾವಕಾಶ ತಗೋತೈತಿ," ಎಂದೆ. ಮೀನು ಬಂತು. ಸಾವಕಾಶ ಬರಲಿಲ್ಲ. ಹಣ್ಣಿನ ಜೊತೆಗೆ ನನ್ನ ತೋರುಬೆರಳನ್ನೂ ಬಾಯಿಗೆ ಹಾಕಿಕೊಂಡಿತು.

ಕೈ ಹೊರಗೆಳೆದೆ. ರಕ್ತ ಬರುತ್ತಿತ್ತು. ಇಪ್ಪತ್ತು ಮಂದಿ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬರ ಮೊಬೈಲ್ ನನ್ನ ಮುಖದ ನೇರಕ್ಕೇ ಇತ್ತು. ಸೀರೆಯ ನೆರಿಗೆಯಲ್ಲಿ ಕೈ ಅಡಗಿಸಬೇಕು ಎಂಬ ಯೋಚನೆ ಬಂದದ್ದು ನಿಜ. ಆದರೆ ಹೋದ ಸಲದ ಒಂದು ಸುಳ್ಳೇ ಇನ್ನೂ ಊರೂರು ತಿರುಗುತ್ತಿತ್ತು.

"ಕಚ್ಚಿತು," ಎಂದೆ.

ಖಾಲಾ ಹತ್ತಿರ ಬಂದು ನನ್ನ ಕೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

"ಬೆರಳು ಐತೇನ್ರಿ ಅಲ್ಲೇ?"

"ಐತ್ರಿ."

"ಮಾಂಸ ಹೋಗೇತೇನು?"

"ಇಲ್ಲ. ಜಜ್ಜೇತಿ. ಚರ್ಮ ಹರದೈತಿ."

"ಅದು ಪಿರಾನ್ಯಾ ಆಗಿದ್ರ?"

ನಾನು ಯೋಚಿಸಿದೆ. "ಒಂದು ತುಣಕು ಹೋಗತಿತ್ತು."

"ಕೇಳಿದ್ರಿಲ್ಲ?" ಖಾಲಾ ಜನರತ್ತ ತಿರುಗಿದರು. "ಹಣ್ಣಂತ ತಿಳದು ಬಾಯಿ ಹಾಕೇತಿ. ಹಲ್ಲಿದ್ದ ಪ್ರಾಣಿ ಬಾಯಾಗ ಬೆರಳಿಟ್ರ ಏನ ಆಗತೈತಿ? ನಿಮ್ಮ ಎತ್ತಿನ ಬಾಯಾಗ ಇಟ್ಟು ನೋಡ್ರಿ."

ಮೊದಲು ನಕ್ಕವಳು ಅಕ್ಕ. ಆಮೇಲೆ ಎಲ್ಲರೂ ನಕ್ಕರು. ಮಾಮಾ ಪಂಚೆ ಮೇಲೆ ಕಟ್ಟಿದರು. ಹೊಂಡದ ಇನ್ನೊಂದು ದಂಡೆಯಲ್ಲಿ, ಬಾರಿಗಿಡದಿಂದ ಸಾಕಷ್ಟು ದೂರದಲ್ಲಿ, ಹಗ್ಗ ಹಿಡಿದು ಇಳಿದು ಪೈಪಿನ ಕಸ ತೆಗೆದರು. ಮೇಲೆ ಬಂದಾಗ ಎರಡೂ ಕಾಲು ಸರಿಯಾಗಿದ್ದವು. ಸಂಜೆಯ ಹೊತ್ತಿಗೆ ಪಂಪು ಶುರುವಾಯಿತು. ಹೊರಡುವಾಗ ಮಾಮಾರಿಗೆ ಒಂದು ಮಾತು ಹೇಳಿದೆ. "ಇವು ನಮ್ಮ ನೀರಿನ ಮೀನಾ ಅಲ್ಲ, ಹಳ್ಳಕ್ಕ ಹೋಗಬಾರದು. ಮಳಿಗಾಲಕ್ಕ ಮೊದಲ ಎಲ್ಲಾ ಹಿಡಸ್ರಿ."

"ನಾ ಬರ್ತೇನಿ ಹಿಡ್ಯಾಕ," ಎಂದರು ಖಾಲಾ. ಬುಟ್ಟಿ ಯಾಕೆ ತಂದಿದ್ದರೆಂದು ನನಗೆ ಆಗ ಹೊಳೆಯಿತು. ಅಂದೇ ನಾಲ್ಕು ಮೀನು ಅದರಲ್ಲಿ ಹೊರಟವು.

ಇಂಡಿಯ ದವಾಖಾನೆಯಲ್ಲಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಏನು ಕಚ್ಚಿತು ಎಂದು ನರ್ಸ್ ಕೇಳಿದರು. ಮೀನು ಎಂದೆ. ಅವರು ಪೆನ್ನು ಎತ್ತಿ ನನ್ನ ಮುಖ ನೋಡಿ, "ನಾಯಿ ಅಂತ ಬರೀಲ್ಯಾ?" ಎಂದರು. ಬೇಡ, ಮೀನೆಂದೇ ಬರೆಯಿರಿ ಎಂದು ಒತ್ತಾಯ ಮಾಡಿದೆ.

ಮಾರನೆಯ ದಿನ ನನ್ನ ಬೆರಳು ಕಚ್ಚಿಸಿಕೊಳ್ಳುವ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಕಾಲೇಜಿನಲ್ಲಿ ತಲೆ ಎತ್ತಲಾಗಲಿಲ್ಲ. ಪಾಠದ ನಡುವೆ ನಾನು ಬೋರ್ಡಿನತ್ತ ತಿರುಗಿದಾಗೆಲ್ಲ ಹಿಂದಿನ ಬೆಂಚಿನಿಂದ "ಸಾವಕಾಶ ತಗೋತೈತಿ" ಎಂದು ನನ್ನದೇ ಧ್ವನಿಯ ನಕಲು ಕೇಳುತ್ತಿತ್ತು. ಆದರೆ ಖಾಲಾರಿಗೆ ಅದು ವರವಾಯಿತು. ಮುದ್ದೇಬಿಹಾಳದ ಸಂತೆಯಲ್ಲಿ ಬುಟ್ಟಿಯ ಪಕ್ಕ ಮೊಬೈಲ್ ನಿಲ್ಲಿಸಿ, ಬಂದ ಗಿರಾಕಿಗೆಲ್ಲ ವಿಡಿಯೋ ತೋರಿಸಿ, "ನೋಡ್ರಿ, ಮೇಡಂ ಬೆರಳು ಹಂಗ ಐತಿ," ಎಂದರಂತೆ. ಅಂದು ಅವರ ಬುಟ್ಟಿ ಮಧ್ಯಾಹ್ನಕ್ಕೇ ಖಾಲಿಯಾಯಿತು. ಮುಂದಿನ ವಾರ ಬಾಗೇವಾಡಿಯಲ್ಲೂ ಹಾಗೆಯೇ ಆಯಿತು. ನಾನು ಈಗ ಆ ಮೂಲೆಯಲ್ಲಿ ನಿಂತು ಮಾತಾಡಿಸಿ ಹೋಗುತ್ತೇನೆ. ಮೂಗಿಗೆ ಸೆರಗು ಹಿಡಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಮೊದಲಿಗಿಂತ ಸಡಿಲವಾಗಿ ಹಿಡಿಯುತ್ತೇನೆ.

ಬೇಸಿಗೆಯಲ್ಲಿ ಮಾಮಾ ಹೊಂಡ ಬತ್ತಿಸಿದರು. ಖಾಲಾ ತಮ್ಮ ಬಲೆಯವರನ್ನು ಕರೆತಂದರು, ನಾನೂ ಹೋದೆ. ಬುಟ್ಟಿಗೆ ಬುಟ್ಟಿ ರೂಪಚಂದ ಮೇಲೆ ಬಂದವು. ಕೊನೆಗೆ ಖಾಲಾ ಮೂರು ಮೀನು ಬೇರೆ ತೆಗೆದಿಟ್ಟರು.

"ಇವು ಬ್ಯಾರೆ."

ನನಗೆ ಮೊದಲ ನೋಟಕ್ಕೆ ಏನೂ ಬೇರೆ ಕಾಣಲಿಲ್ಲ. ಅವರು ತೋರಿಸಿದ ಮೇಲೆ ಕಂಡಿತು. ಹೊಟ್ಟೆ ಕೆಂಪಲ್ಲ, ಕಪ್ಪು. ಮೈ ಇನ್ನೂ ದಪ್ಪ. ಬೆನ್ನ ರೆಕ್ಕೆಯ ಹಿಂದೆ, ಬಾಲದ ಹತ್ತಿರ ಒಂದು ಪುಟ್ಟ ರೆಕ್ಕೆ ಇರುತ್ತದೆ. ರೂಪಚಂದನಲ್ಲಿ ಅದು ಬರೀ ಮಾಂಸದ ತುಣುಕು. ಇವುಗಳಲ್ಲಿ ಅದರೊಳಗೆ ಸಣ್ಣ ಗೆರೆಗಳಂಥ ಕಡ್ಡಿಗಳಿದ್ದವು, ಆದರೆ ಪೂರ್ತಿ ಇರಲಿಲ್ಲ. ಕಡ್ಡಿಗಳಿದ್ದರೆ ಕೊಲೊಸೋಮಾ ಎನ್ನಬೇಕು, ಅದು ದೊಡ್ಡ ಪಾಕುಗಳಲ್ಲೇ ಇನ್ನೊಂದು ಬಗೆ. ಇಲ್ಲದಿದ್ದರೆ ಪಿಯಾರಾಕ್ಟಸ್, ಅಂದರೆ ರೂಪಚಂದ. ಎರಡನ್ನೂ ಕೂಡಿಸಿ ಸಾಕುವವರು ಮಾಡಿದ ಮಿಶ್ರ ತಳಿಯೂ ಇರುತ್ತದೆಂದು ಓದಿದ್ದೆ. ಲೆನ್ಸ್ ಹಿಡಿದು ಬಿಸಿಲಿನಲ್ಲಿ ಅರ್ಧ ತಾಸು ಕೂತೆ. ಮಾಮಾ ಎರಡು ಸಲ ಬಂದು ನೋಡಿ ಹೋದರು.

"ಏನಂತ್ರಿ ಹೆಸರು?" ಖಾಲಾ ಕೇಳಿದರು.

"ಗೊತ್ತಾಗವಲ್ದು ಖಾಲಾ."

ಅವರಿಗೆ ಬೇಸರವೇನೂ ಆಗಲಿಲ್ಲ. ಮೂರರಲ್ಲಿ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟರು. ಅದು ಈಗ ನಮ್ಮ ಲ್ಯಾಬಿನಲ್ಲಿದೆ. ಚೀಟಿಯ ಮೇಲೆ ಹೊಂಡ, ಇಂಡಿ ತಾಲೂಕು ಎಂದು ಬರೆದಿದ್ದೇನೆ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಂತಿಮ ವರ್ಷದ ಹುಡುಗಿಯರು ಬಾಟಲಿ ಸುತ್ತ ನಿಂತು ಜಗಳಾಡುತ್ತಾರೆ. ಒಬ್ಬಳು ಕೊಲೊಸೋಮಾ ಎಂದರೆ ಇನ್ನೊಬ್ಬಳು ಮಿಶ್ರ ತಳಿ ಎನ್ನುತ್ತಾಳೆ, ನಾನು ನಡುವೆ ಬಾಯಿ ಹಾಕುವುದಿಲ್ಲ. ಉಳಿದ ಎರಡು ಮೀನನ್ನು ಖಾಲಾ ಕೊಲ್ಹಾರಕ್ಕೆ ಒಯ್ದು ಒಂದನ್ನು ತಾವೇ ಅಡುಗೆ ಮಾಡಿ ನೋಡಿದರು. ಎರಡು ದಿನದ ಮೇಲೆ ಫೋನ್ ಮಾಡಿದರು.

"ಮೇಡಂ, ಇದರಾಗ ಕೊಬ್ಬು ಭಾಳ ಐತಿ. ನಿಮ್ಮ ಹೆಸರು ಯಾವಾಗ ಸಿಗತೈತೊ ಸಿಗ್ಲಿ. ಇಂಥಾ ಮೀನಾ ಸಿಕ್ರ ಎಣ್ಣಿ ಕಡಿಮಿ ಹಾಕ್ರಿ ಅಂತ ನಾ ಗಿರಾಕಿಗಿ ಹೇಳಾಕ ಸುರು ಮಾಡೇನಿ."